2520ನ್ನು ಬಿಚ್ಚಿ ನೋಡುವುದು ಹೇಗೆ?

2520ರ ಬಗ್ಗೆ ಒಂದು ವಾಟ್ಸ್‌ಆ್ಯಪ್ ಫಾರ್ವರ್ಡ್ ವರ್ಷಗಳಿಂದ ಸುತ್ತುತ್ತಲೇ ಇದೆ. ಅದರಲ್ಲಿ ಮೂರು ಮಾತು ಇರುತ್ತವೆ. 1ರಿಂದ 10ರವರೆಗಿನ ಎಲ್ಲ ಸಂಖ್ಯೆಗಳಿಂದ ಶೇಷವಿಲ್ಲದೆ ಭಾಗವಾಗುವುದು ಇದೊಂದೇ ಅಂತೆ. ಇದನ್ನು ಕಂಡುಹಿಡಿದವರು ಶ್ರೀನಿವಾಸ ರಾಮಾನುಜನ್ ಅಂತೆ. ವಾರದ 7 ದಿನ, ತಿಂಗಳ 30 ದಿನ, ವರ್ಷದ 12 ತಿಂಗಳು ಗುಣಿಸಿದರೆ ಇದೇ ಬರುತ್ತದಂತೆ, ಅದೇ ಇದರ ಗುಟ್ಟಂತೆ.

ಮೊದಲನೆಯದು ಅರ್ಧ ನಿಜ. ಎರಡನೆಯದು ಸುಳ್ಳು, ಆದರೆ ಪೂರ್ತಿ ಗಾಳಿಮಾತೂ ಅಲ್ಲ. ಮೂರನೆಯದರಲ್ಲಿ ಲೆಕ್ಕ ಸರಿ, ಕಾರಣ ತಪ್ಪು. ಯಾವುದನ್ನೂ ನನ್ನ ಮಾತಿನ ಮೇಲೆ ನಂಬಬೇಕಿಲ್ಲ. ಪೆನ್ನು, ಕಾಗದ ತೆಗೆದುಕೊಳ್ಳಿ. ಏಳನೇ ತರಗತಿಯ ಗಣಿತ ಗೊತ್ತಿದ್ದರೆ ಸಾಕು. ನನ್ನ ಪ್ರಕಾರ 2520 ವಿಚಿತ್ರ ಸಂಖ್ಯೆ ಅಲ್ಲವೇ ಅಲ್ಲ. ಬೇಕಾದಷ್ಟನ್ನೇ ಹಾಕಿ, ಒಂದು ಚೂರೂ ಜಾಸ್ತಿ ಹಾಕದೆ ಕಟ್ಟಿದ ಸಂಖ್ಯೆ. ಅದನ್ನು ನೀವೇ ಕಟ್ಟಬಹುದು.

ಹಂತ 1: ಭಾಗಿಸದೆಯೇ ಪರೀಕ್ಷೆ ಮಾಡಿ

ಕ್ಯಾಲ್ಕ್ಯುಲೇಟರ್ ಪಕ್ಕಕ್ಕಿಡಿ. ಕೊನೆಯ ಅಂಕಿ 0. ಹಾಗಾಗಿ 2, 5, 10 ಆಯಿತು. ಕೊನೆಯ ಮೂರು ಅಂಕಿ 520. ಅದು 8 × 65. ಅಂದರೆ 8ರಿಂದ ಭಾಗವಾಗುತ್ತದೆ, 4ಕ್ಕೆ ಬೇರೆ ಪರೀಕ್ಷೆ ಬೇಡ. ಅಂಕಿಗಳ ಮೊತ್ತ 2+5+2+0 = 9. ಆದ್ದರಿಂದ 9 ಮತ್ತು 3 ಎರಡೂ ಆದವು. 2 ಮತ್ತು 3 ಇದ್ದ ಮೇಲೆ 6 ತಾನಾಗಿಯೇ ಬಂತು.

ಉಳಿದದ್ದು 7. ಯಾವಾಗಲೂ ತಕರಾರು ಮಾಡುವುದು ಇದೇ. ಕೊನೆಯ 0 ಬಿಟ್ಟು 252 ನೋಡಿ. ಕೊನೆಯ ಅಂಕಿಯನ್ನು ಎರಡರಿಂದ ಗುಣಿಸಿ, ಉಳಿದದ್ದರಿಂದ ಕಳೆಯಿರಿ: 25 − 4 = 21. ಇದು 7ರ ಮಗ್ಗಿಯಲ್ಲಿದೆ. ಮುಗಿಯಿತು.

ಈಗ "ಇದೊಂದೇ" ಅನ್ನುವ ಮಾತು. 2520 ಭಾಗವಾದರೆ ಅದರ ಎರಡರಷ್ಟಾದ 5040 ಕೂಡ ಭಾಗವಾಗಲೇಬೇಕಲ್ವಾ? 7560, 10080 ಕೂಡ. ಇಂಥವು ಲೆಕ್ಕವಿಲ್ಲದಷ್ಟು ಇವೆ. ಸರಿಯಾಗಿ ಹೇಳಬೇಕೆಂದರೆ, 1ರಿಂದ 10ರವರೆಗಿನ ಎಲ್ಲದರಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ 2520. ಶಾಲೆಯ ಭಾಷೆಯಲ್ಲಿ ಇದು ಆ ಹತ್ತು ಸಂಖ್ಯೆಗಳ ಲ.ಸಾ.ಅ., ಅಂದರೆ ಲಘುತಮ ಸಾಮಾನ್ಯ ಅಪವರ್ತ್ಯ.

ಹಂತ 2: ಒಂದೊಂದೇ ಮೆಟ್ಟಿಲು ಹತ್ತಿ ಕಟ್ಟಿ

ಎಲ್ಲದರಿಂದಲೂ ಭಾಗವಾಗಬೇಕೆಂದರೆ ಸುಮ್ನೆ ಎಲ್ಲವನ್ನೂ ಗುಣಿಸಿಬಿಡಬಹುದು. 1 × 2 × 3 × … × 10 = 36,28,800. ಭಾಗವೇನೋ ಆಗುತ್ತದೆ. ಆದರೆ ಇದು 2520ರ 1440 ಪಟ್ಟು. ಇಷ್ಟು ದುಂದು ಎಲ್ಲಿಂದ ಬಂತು?

ಹೀಗೆ ಮಾಡಿ. 1ರಿಂದ ಶುರು ಮಾಡಿ, ಪ್ರತಿ ಹೊಸ ಸಂಖ್ಯೆ ಬಂದಾಗ ಒಂದೇ ಪ್ರಶ್ನೆ ಕೇಳಿ: ಇದರಲ್ಲಿ ನನ್ನ ಬಳಿ ಇಲ್ಲದ್ದು ಏನಿದೆ? ಅಷ್ಟನ್ನು ಮಾತ್ರ ಗುಣಿಸಿ.

2 ಬಂತು. ನಮ್ಮ ಬಳಿ ಇಲ್ಲ. ಈಗ 2.
3 ಬಂತು. ಇಲ್ಲ. ಈಗ 6.
4 ಬಂತು. ಅದು 2 × 2. ನಮ್ಮಲ್ಲಿ ಒಂದು 2 ಇದೆ, ಇನ್ನೊಂದು ಬೇಕು. ಈಗ 12.
5 ಬಂತು. ಇಲ್ಲ. ಈಗ 60.
6 ಬಂತು. ಅದು 2 × 3, ಎರಡೂ ಇವೆ. ಏನೂ ಮಾಡಬೇಡಿ. 60.
7 ಬಂತು. ಇಲ್ಲ. ಈಗ 420.
8 ಬಂತು. ಮೂರು 2 ಬೇಕು, ಎರಡಿವೆ. ಈಗ 840.
9 ಬಂತು. ಎರಡು 3 ಬೇಕು, ಒಂದಿದೆ. ಈಗ 2520.
10 ಬಂತು. 2 ಮತ್ತು 5 ಎರಡೂ ಇವೆ. 2520.

ಈ ಪಟ್ಟಿಯನ್ನು ಒಮ್ಮೆ ನಿಧಾನವಾಗಿ ನೋಡಿ. ಸಂಖ್ಯೆ ಬೆಳೆದದ್ದು ಯಾವಾಗ? 2, 3, 5, 7 ಅನ್ನುವ ಅವಿಭಾಜ್ಯಗಳು ಬಂದಾಗ, ಮತ್ತು 4, 8, 9 ಬಂದಾಗ. 4 ಮತ್ತು 8 ಬರೀ 2ರಿಂದ ಆದವು, 9 ಬರೀ 3ರಿಂದ ಆದದ್ದು. 6 ಮತ್ತು 10ರಲ್ಲಿ ಎರಡು ಬೇರೆ ಬೇರೆ ಅವಿಭಾಜ್ಯಗಳು ಸೇರಿವೆ. ಅಂಥವು ಬಂದಾಗ ಹೊಸದೇನೂ ಬೇಕಾಗುವುದಿಲ್ಲ. ಈ ನಿಯಮ 10ಕ್ಕೆ ನಿಲ್ಲುವುದಿಲ್ಲ. ಕೊನೆಯ ಹಂತದಲ್ಲಿ ಇದೇ ಕೆಲಸಕ್ಕೆ ಬರುತ್ತದೆ.

ಸಿಕ್ಕಿದ ಒಡಲು ಹೀಗಿದೆ: 2520 = 2³ × 3² × 5 × 7. ಇದನ್ನು ದೊಡ್ಡದಾಗಿ ಬರೆದಿಟ್ಟುಕೊಳ್ಳಿ. ಮುಂದಿನ ಎಲ್ಲ ಹಂತಕ್ಕೂ ಬೇಕು.

ಇದಕ್ಕಿಂತ ಚಿಕ್ಕದು ಯಾಕೆ ಆಗದು? 8, 9, 5, 7 ಈ ನಾಲ್ಕರಲ್ಲಿ ಯಾವ ಎರಡಕ್ಕೂ 1 ಬಿಟ್ಟು ಬೇರೆ ಸಾಮಾನ್ಯ ಭಾಜಕ ಇಲ್ಲ. ನಾಲ್ಕರಿಂದಲೂ ಭಾಗವಾಗಬೇಕಾದರೆ ಅವುಗಳ ಗುಣಲಬ್ಧ 8 × 9 × 5 × 7 = 2520ರಿಂದಲೇ ಭಾಗವಾಗಬೇಕು. ಅಷ್ಟೇ ಸಾಧನೆ.

ಹಂತ 3: ಕ್ಯಾಲೆಂಡರ್ ಗುಟ್ಟು

7 × 30 × 12 = 2520. ಲೆಕ್ಕ ಸರಿ. ಆದರೆ 30 × 12 ಅಂದರೆ 360. ನಮ್ಮ ವರ್ಷಕ್ಕೆ 365 ದಿನ, ಹಾಗಾಗಿ ಇಲ್ಲಿ ಕಾಲದ ರಹಸ್ಯ ಏನೂ ಇಲ್ಲ. ನಿಜವಾದ ವಿಷಯ ಬೇರೆ. 360 = 2³ × 3² × 5. ವೃತ್ತಕ್ಕೆ ನಾವು ಕೊಡುವ ಡಿಗ್ರಿಗಳ ಸಂಖ್ಯೆ ಇದೇ. ಇದು 1ರಿಂದ 10ರವರೆಗೆ 7 ಒಂದನ್ನು ಬಿಟ್ಟು ಉಳಿದ ಎಲ್ಲದರಿಂದಲೂ ಭಾಗವಾಗುತ್ತದೆ. ಕೊರತೆ ಇದ್ದದ್ದು 7 ಮಾತ್ರ. ವಾರದ 7 ಬಂದು ಅದನ್ನು ತುಂಬಿತು. ವಾರದ ಬದಲು ಸಪ್ತಸ್ವರದ 7 ತಂದಿದ್ದರೂ ಉತ್ತರ ಇದೇ!

ಕ್ಯಾಲೆಂಡರ್‌ಗಿಂತ ಚೆಂದದ್ದು ಬೇಕೇ? 3 × 4 × 5 × 6 × 7 ಗುಣಿಸಿ ನೋಡಿ. ಐದು ಸಂಖ್ಯೆ, ಸಾಲಾಗಿ. ಉತ್ತರ 2520. ಈ ಸಾಲಿನಲ್ಲಿ 8, 9, 10 ಕಾಣುವುದಿಲ್ಲ, ಆದರೆ ಮೂರೂ ಒಳಗೆ ಅಡಗಿವೆ. 3 ಮತ್ತು 6ರಿಂದ 9 ಸಿಗುತ್ತದೆ. 4 ಮತ್ತು 6ರಿಂದ 8. 10 ಎಲ್ಲಿದೆ ಅಂತ ಮಕ್ಕಳಿಗೆ ಹುಡುಕಲು ಬಿಡಿ.

ಹಂತ 4: ಭಾಜಕಗಳನ್ನು ಎಣಿಸಿ

2520ರ ನಿಜವಾದ ಸೊಗಸು ಇಲ್ಲಿದೆ. ಹತ್ತರಿಂದ ಭಾಗವಾಗುವುದು ಬರೀ ಶುರು. ಒಟ್ಟು ಎಷ್ಟು ಸಂಖ್ಯೆಗಳಿಂದ ಇದು ಭಾಗವಾಗುತ್ತದೆ?

ಒಂದೊಂದಾಗಿ ಹುಡುಕಬೇಡಿ. 2³ × 3² × 5 × 7 ನೋಡಿ. ಒಂದು ಭಾಜಕ ಮಾಡಬೇಕೆಂದರೆ ಇದರಿಂದ ಸ್ವಲ್ಪ ಸ್ವಲ್ಪ ಆರಿಸಿಕೊಳ್ಳಬೇಕು. ದರ್ಶಿನಿಯಲ್ಲಿ ನಾಲ್ಕು ತಿಂಡಿಯಲ್ಲಿ ಒಂದು, ಮೂರು ಪಾನೀಯದಲ್ಲಿ ಒಂದು ಆರಿಸಿದರೆ 12 ಬಗೆಯ ಆರ್ಡರ್ ಆಗುತ್ತದಲ್ಲ, ಹಾಗೆ. 2 ಎಷ್ಟು ಬೇಕು? 0, 1, 2 ಅಥವಾ 3. ನಾಲ್ಕು ಆಯ್ಕೆ. 3 ಎಷ್ಟು? 0, 1 ಅಥವಾ 2. ಮೂರು ಆಯ್ಕೆ. 5 ಬೇಕೋ ಬೇಡವೋ, ಎರಡು. 7 ಬೇಕೋ ಬೇಡವೋ, ಎರಡು. 4 × 3 × 2 × 2 = 48.

ಅಂದರೆ 48 ಭಾಜಕಗಳು. ಪಟ್ಟಿ ಮಾಡಬೇಕೆಂದರೆ ಅರ್ಧ ಮಾಡಿದರೆ ಸಾಕು. ಭಾಜಕಗಳು ಯಾವಾಗಲೂ ಜೋಡಿಯಾಗಿ ಬರುತ್ತವೆ. 8 ಇದ್ದರೆ ಜೊತೆಗೆ 315 ಇರುತ್ತದೆ, 8 × 315 = 2520. ಜೋಡಿಯಲ್ಲಿ ಒಂದು ವರ್ಗಮೂಲಕ್ಕಿಂತ ಚಿಕ್ಕದು. 50 × 50 = 2500. ಹಾಗಾಗಿ 50ರವರೆಗೆ ಹುಡುಕಿದರೆ ಆಯಿತು:

1, 2, 3, 4, 5, 6, 7, 8, 9, 10, 12, 14, 15, 18, 20, 21, 24, 28, 30, 35, 36, 40, 42, 45.

ಇಪ್ಪತ್ತನಾಲ್ಕು. ಪ್ರತಿಯೊಂದರ ಜೊತೆಗಾರನನ್ನು ಬರೆದರೆ 48 ಪೂರ್ತಿ. ಕೊನೆಯ ಜೋಡಿ 45 × 56. ಇಲ್ಲಿ ಇಲ್ಲದವನ್ನೂ ನೋಡಿ: 16 ಇಲ್ಲ, 25 ಇಲ್ಲ, 27 ಇಲ್ಲ, 49 ಇಲ್ಲ. 16ಕ್ಕೆ ನಾಲ್ಕು 2 ಬೇಕು, ನಮ್ಮಲ್ಲಿ ಮೂರೇ. ಉಳಿದವಕ್ಕೂ ಇದೇ ಕಾರಣ.

ಎಲ್ಲ ಭಾಜಕಗಳ ಮೊತ್ತ ಬೇಕಿದ್ದರೆ ಅದಕ್ಕೂ ಒಳದಾರಿ ಇದೆ: (1+2+4+8) × (1+3+9) × (1+5) × (1+7) = 15 × 13 × 6 × 8 = 9360. ಇದರಲ್ಲಿ 2520ನ್ನೇ ಕಳೆದರೂ 6840 ಉಳಿಯುತ್ತದೆ. ಮೂಲ ಸಂಖ್ಯೆಯ ಎರಡೂವರೆ ಪಟ್ಟಿಗಿಂತ ಹೆಚ್ಚು.

ಹಂತ 5: 48 ನಿಜಕ್ಕೂ ಜಾಸ್ತಿಯೇ? ರಾಮಾನುಜನ್ ಬರುವುದು ಇಲ್ಲಿ

2520ಕ್ಕಿಂತ ಚಿಕ್ಕ ಸಂಖ್ಯೆಗಳಲ್ಲಿ ಯಾವುದಕ್ಕಾದರೂ 48 ಭಾಜಕ ಇದೆಯೇ? 2519 ಸಂಖ್ಯೆಗಳನ್ನು ಪರೀಕ್ಷಿಸುವುದು ಬೇಡ. ತಲೆ ಓಡಿಸಿದರೆ ಕೆಲವೇ ಸಂಖ್ಯೆ ಉಳಿಯುತ್ತವೆ.

ಮೊದಲ ಉಪಾಯ: ಚಿಕ್ಕ ಅವಿಭಾಜ್ಯದ ಘಾತ ದೊಡ್ಡದರ ಘಾತಕ್ಕಿಂತ ಕಡಿಮೆ ಇದ್ದರೆ ಅಂಥ ಸಂಖ್ಯೆ ಬೇಡ. ಉದಾಹರಣೆಗೆ 1890 = 2 × 3³ × 5 × 7. ಇದಕ್ಕೆ 2 × 4 × 2 × 2 = 32 ಭಾಜಕ. 2 ಮತ್ತು 3ರ ಘಾತಗಳನ್ನು ಅದಲುಬದಲು ಮಾಡಿ: 2³ × 3 × 5 × 7 = 840. ಇದಕ್ಕೂ 32 ಭಾಜಕ, ಆದರೆ ಸಂಖ್ಯೆ ಅರ್ಧಕ್ಕಿಂತ ಚಿಕ್ಕದು.

ಈಗ ಪೈಪೋಟಿಗೆ ಇಳಿಯಬಲ್ಲವು ಇಷ್ಟು. 11ನ್ನೂ ಸೇರಿಸಿದರೆ 2 × 3 × 5 × 7 × 11 = 2310, ಬರೀ 32 ಭಾಜಕ. 7ರವರೆಗೆ ನಿಲ್ಲಿಸಿದರೆ 1260ಕ್ಕೆ 36, 1680ಕ್ಕೆ 40. 7ನ್ನೂ ಬಿಟ್ಟರೆ 1440ಕ್ಕೆ 36, 2160ಕ್ಕೆ 40. ಯಾವುದೂ 40 ದಾಟುವುದಿಲ್ಲ. 2520ಕ್ಕೆ ಬಂದಾಗ ಒಮ್ಮೆಲೇ 48ಕ್ಕೆ ಜಿಗಿತ.

ತನಗಿಂತ ಚಿಕ್ಕ ಎಲ್ಲ ಸಂಖ್ಯೆಗಳಿಗಿಂತಲೂ ಹೆಚ್ಚು ಭಾಜಕ ಇರುವ ಸಂಖ್ಯೆಯನ್ನು ಅತಿ ಸಂಯುಕ್ತ ಸಂಖ್ಯೆ ಅನ್ನೋಣ. 1, 2, 4, 6, 12, 24, 36, 48, 60, 120, 180, 240, 360, 720, 840, 1260, 1680, 2520, 5040 ಹೀಗೆ ಅದರ ಸಾಲು ಸಾಗುತ್ತದೆ. ಈ ಬಗೆಯ ಸಂಖ್ಯೆಗಳ ಮೇಲೆ ರಾಮಾನುಜನ್ ಕೇಂಬ್ರಿಜ್‌ನಲ್ಲಿದ್ದಾಗ ಬರೆದ ದೀರ್ಘ ಪ್ರಬಂಧ 1915ರಲ್ಲಿ ಲಂಡನ್ ಮ್ಯಾಥಮೆಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂತು. 1916ರಲ್ಲಿ ಅವರಿಗೆ ಪದವಿ ಸಿಕ್ಕಿದ್ದು ಮುಖ್ಯವಾಗಿ ಇದೇ ಕೆಲಸಕ್ಕೆ. ಅದರಲ್ಲಿ 6746328388800ರವರೆಗೆ ಅವರು 102 ಅತಿ ಸಂಯುಕ್ತ ಸಂಖ್ಯೆಗಳ ಪಟ್ಟಿ ಕೊಟ್ಟರು. ಕಂಪ್ಯೂಟರ್ ಇಲ್ಲ, ಎಲ್ಲ ಕೈಲೆಕ್ಕ. ಒಂದು ಮಾತ್ರ ತಪ್ಪಿಹೋಯಿತು: 293318625600. ಪ್ರಬಂಧದ ಒಂದು ಭಾಗ ಆಗ ಅಚ್ಚಾಗದೆ ಉಳಿದು, 1997ರಲ್ಲಿ ಪ್ರಕಟವಾಯಿತು.

ಹಾಗಾದರೆ 2520ನ್ನು ಕಂಡುಹಿಡಿದವರು ರಾಮಾನುಜನ್ ಅಲ್ಲ. ಇದರ ಎರಡರಷ್ಟಾದ 5040ನ್ನು ಪ್ಲೇಟೋ ಎರಡು ಸಾವಿರ ವರ್ಷಕ್ಕೂ ಹಿಂದೆ ಹೊಗಳಿದ್ದ. ಆದರ್ಶ ನಗರದಲ್ಲಿ 5040 ಭೂಮಾಲೀಕರು ಇರಬೇಕು, ಏಕೆಂದರೆ ಅದು 1ರಿಂದ 10ರವರೆಗಿನ ಎಲ್ಲದರಿಂದ ಭಾಗವಾಗುತ್ತದೆ, ಹಂಚಿಕೆ ಸುಲಭ ಅಂತ ಅವನ ವಾದ. ರಾಮಾನುಜನ್ ಮಾಡಿದ್ದು ಇದಕ್ಕಿಂತ ದೊಡ್ಡದು. ಇಂಥ ಸಂಖ್ಯೆಗಳ ಇಡೀ ಕುಲಕ್ಕೆ ನಿಯಮ ಹುಡುಕಿದರು. ಒಂದು ಸಂಖ್ಯೆಯನ್ನು ಅವರ ಹೆಸರಿಗೆ ಬರೆದು ಆ ಕೆಲಸವನ್ನು ಮರೆಸುವುದು ನನಗಂತೂ ಇಷ್ಟವಿಲ್ಲ.

ಇನ್ನೊಂದು ಗುಣ ಹೇಳಿಬಿಡುತ್ತೇನೆ, ಇದು ಫಾರ್ವರ್ಡ್‌ಗಳಲ್ಲಿ ಬರುವುದಿಲ್ಲ. 2520 ಆದ ಮೇಲೆ ಬರುವ ಪ್ರತಿಯೊಂದು ಅತಿ ಸಂಯುಕ್ತ ಸಂಖ್ಯೆಯೂ 2520ರಿಂದ ಭಾಗವಾಗುತ್ತದೆ. 5040, 7560, 10080, 15120, 20160, 25200, 27720, ಎಲ್ಲವನ್ನೂ ಭಾಗಿಸಿ ನೋಡಿ. 360ಕ್ಕೆ ಈ ಗುಣ ಇಲ್ಲ. 840 ಅದರಿಂದ ಭಾಗವಾಗುವುದಿಲ್ಲ. ಈ ಗುಣ ಇರುವ ಅತಿ ಸಂಯುಕ್ತ ಸಂಖ್ಯೆಗಳು ಇಡೀ ಲೋಕದಲ್ಲಿ ಆರೇ: 1, 2, 6, 12, 60 ಮತ್ತು 2520. ಇನ್ನು ಮುಂದೆ ಯಾವುದೂ ಇಲ್ಲ. "ಇದೊಂದೇ" ಅನ್ನುವವರು ಹೇಳಬೇಕಾದದ್ದು ಇದನ್ನು.

ಹಂತ 6: ಒಂದು ಕಳೆಯಿರಿ, ಒಂದು ಕೂಡಿ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಈ ಹಂತ ಬಿಡಬೇಡಿ. ಪ್ರಶ್ನೆ ಹೀಗಿರುತ್ತದೆ: 10ರಿಂದ ಭಾಗಿಸಿದರೆ ಶೇಷ 9, 9ರಿಂದ ಭಾಗಿಸಿದರೆ 8, 8ರಿಂದ 7, ಹೀಗೆ 2ರಿಂದ ಭಾಗಿಸಿದರೆ 1. ಅತಿ ಚಿಕ್ಕ ಸಂಖ್ಯೆ ಯಾವುದು?

ಒಂಬತ್ತು ಷರತ್ತು ನೋಡಿ ಗಾಬರಿಯಾಗಬೇಡಿ. ಎಲ್ಲ ಕಡೆಯೂ ಶೇಷ ಭಾಜಕಕ್ಕಿಂತ ಒಂದೇ ಒಂದು ಕಡಿಮೆ. ಅಂದರೆ ಸಂಖ್ಯೆಗೆ 1 ಕೂಡಿಸಿದರೆ ಎಲ್ಲದರಿಂದಲೂ ಭಾಗವಾಗುತ್ತದೆ. ಉತ್ತರ 2520 − 1 = 2519. ಮಜಾ ಏನೆಂದರೆ 2519 = 11 × 229. ಪ್ರಶ್ನೆಗೆ "11ರಿಂದ ಮಾತ್ರ ಪೂರ್ತಿ ಭಾಗವಾಗಬೇಕು" ಅಂತ ಬಾಲ ಸೇರಿಸಿದರೂ ಉತ್ತರ ಬದಲಾಗುವುದಿಲ್ಲ.

ಈಗ ಇನ್ನೊಂದು ಕಡೆ. 2ರಿಂದ 10ರವರೆಗೆ ಯಾವುದರಿಂದ ಭಾಗಿಸಿದರೂ ಶೇಷ 1 ಬರಬೇಕು ಅಂದರೆ 2521. ಇದು ಅವಿಭಾಜ್ಯ. 2, 3, 5, 7 ಹೇಗೂ ಭಾಗಿಸುವುದಿಲ್ಲ. 11ರಿಂದ 47ರವರೆಗಿನ ಹನ್ನೊಂದು ಅವಿಭಾಜ್ಯಗಳನ್ನು ಮಾತ್ರ ಪರೀಕ್ಷಿಸಿದರೆ ಖಚಿತ.

ಶೇಷ 1 ಬರಬೇಕು, ಜೊತೆಗೆ 11ರಿಂದ ಪೂರ್ತಿ ಭಾಗವಾಗಬೇಕು ಅಂದರೆ? ಸಂಖ್ಯೆ 2520 × ಕ + 1 ರೂಪದಲ್ಲಿರಬೇಕು. 2520ನ್ನು 11ರಿಂದ ಭಾಗಿಸಿದರೆ ಶೇಷ 1. ಹಾಗಾಗಿ ಒಟ್ಟು ಶೇಷ ಕ + 1. ಅದು 11 ಆಗಬೇಕು, ಅಂದರೆ ಕ = 10. ಉತ್ತರ 25201. ಇದು 11 × 2291. ಬುಟ್ಟಿಯ ಮೊಟ್ಟೆ ಎರಡೆರಡಾಗಿ, ಮೂರು ಮೂರಾಗಿ, ಹೀಗೆ ಆರಾರರ ತನಕ ಎಣಿಸಿದರೂ ಒಂದು ಉಳಿಯುತ್ತದೆ, ಏಳೇಳಾಗಿ ಎಣಿಸಿದರೆ ಏನೂ ಉಳಿಯುವುದಿಲ್ಲ ಅನ್ನುವ ಹಳೆಯ ಒಗಟಿಗೂ ಇದೇ ದಾರಿ. ಅಲ್ಲಿ ಲ.ಸಾ.ಅ. 60, ಉತ್ತರ 301.

ಗಂಟೆಗಳ ಪ್ರಶ್ನೆಯೂ ಇದೇ ಜಾತಿ. ಹತ್ತು ಗಂಟೆಗಳು 1, 2, 3 … 10 ಸೆಕೆಂಡಿಗೊಮ್ಮೆ ಬಾರಿಸುತ್ತವೆ. ಒಟ್ಟಿಗೆ ಶುರುವಾದರೆ ಮತ್ತೆ ಒಟ್ಟಿಗೆ ಬಾರಿಸುವುದು 2520 ಸೆಕೆಂಡ್ ಆದ ಮೇಲೆ, ಅಂದರೆ ಸರಿಯಾಗಿ 42 ನಿಮಿಷಕ್ಕೆ.

ಹಂತ 7: ಭಿನ್ನರಾಶಿ ಕೂಡಿಸಿ

1 + 1/2 + 1/3 + … + 1/10 ಎಷ್ಟು? ಛೇದ ಒಂದೇ ಮಾಡಬೇಕು. 2520 ಹಾಕಿದರೆ ಅಂಶಗಳು ಹೀಗೆ: 2520, 1260, 840, 630, 504, 420, 360, 315, 280, 252. ಕೂಡಿಸಿದರೆ 7381. ಉತ್ತರ 7381/2520, ಹೆಚ್ಚುಕಡಿಮೆ 2.93. 36,28,800 ಛೇದ ಇಟ್ಟು ಹೊರಟಿದ್ದರೆ ಎಷ್ಟು ಬೆವರು ಸುರಿಯುತ್ತಿತ್ತು, ಯೋಚಿಸಿ.

ಈ ಉಪಾಯಕ್ಕೆ ನಮ್ಮ ನಾಡಿನ ನಂಟಿದೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ ಸುಮಾರು 850ರಲ್ಲಿ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದ. ಭಿನ್ನರಾಶಿ ಕೂಡಿಸುವಾಗ ಛೇದಗಳನ್ನೆಲ್ಲ ಗುಣಿಸದೆ ಲ.ಸಾ.ಅ. ಬಳಸುವ ಕ್ರಮ ಅದರಲ್ಲಿದೆ. ಅವನು ಅದನ್ನು 'ನಿರುದ್ಧ' ಅಂತ ಕರೆದ.

ಕೂಡಿಸುವಾಗ ಒಂದು ಕಡೆ ನಿಲ್ಲಿ. ಮೊದಲ ಆರು ಅಂಶಗಳ ಮೊತ್ತ 6174! ಗಣಿತದ ಹುಚ್ಚಿರುವವರಿಗೆ ಇದು ಗೊತ್ತಿರುತ್ತದೆ. ನಾಸಿಕ್ ಬಳಿಯ ದೇವಲಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದ ಡಿ. ಆರ್. ಕಾಪ್ರೇಕರ್ ಹೆಸರಿನ ಸಂಖ್ಯೆ: ನಾಲ್ಕೂ ಅಂಕಿ ಒಂದೇ ಅಲ್ಲದ ಯಾವುದೇ ನಾಲ್ಕಂಕಿ ಸಂಖ್ಯೆಯ ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಬರೆದು, ಅದರಿಂದ ಏರಿಕೆ ಕ್ರಮದ್ದನ್ನು ಕಳೆಯುತ್ತ ಹೋದರೆ ಕೊನೆಗೆ ಇದೇ ಬರುತ್ತದೆ. ಇಲ್ಲಿ ಅದು ಬಂದದ್ದು ಕಾಕತಾಳೀಯ ಅಷ್ಟೇ. ಆದರೂ ಖುಷಿಯಾಗುತ್ತದೆ.

ಹಂತ 8: 20ರವರೆಗೆ, ಆಮೇಲೆ 30ರವರೆಗೆ

'ಪ್ರಾಜೆಕ್ಟ್ ಆಯ್ಲರ್' ಅನ್ನುವ ಜಾಲತಾಣದ ಐದನೇ ಸಮಸ್ಯೆ 2520ರಿಂದಲೇ ಶುರುವಾಗುತ್ತದೆ. 1ರಿಂದ 20ರವರೆಗೆ ಎಲ್ಲದರಿಂದ ಭಾಗವಾಗುವ ಅತಿ ಚಿಕ್ಕ ಸಂಖ್ಯೆ ಯಾವುದು ಅಂತ ಕೇಳುತ್ತದೆ. ಎಷ್ಟೋ ಜನ ಇದಕ್ಕೆ ಪ್ರೋಗ್ರಾಂ ಬರೆಯುತ್ತಾರೆ. ನಿಮಗೆ ಬೇಕಿಲ್ಲ. ಎರಡನೇ ಹಂತದ ನಿಯಮ ನೆನಪಿಸಿಕೊಳ್ಳಿ.

11 ಹೊಸದು: 27,720. 12ಕ್ಕೆ ಏನೂ ಬೇಡ. 13 ಹೊಸದು: 3,60,360. 14, 15 ಬೇಡ. 16ಕ್ಕೆ ಇನ್ನೊಂದು 2 ಬೇಕು: 7,20,720. 17 ಹೊಸದು: 1,22,52,240. 18 ಬೇಡ. 19 ಹೊಸದು: 23,27,92,560. 20 ಬೇಡ. ಉತ್ತರ ಬಂತು. ಐದೇ ಗುಣಾಕಾರ.

30ರವರೆಗೆ ನೀವೇ ಹೋಗಿ. ಇನ್ನು ನಾಲ್ಕು ಗುಣಾಕಾರ ಮಾತ್ರ: 23 ಬಂದಾಗ 23ರಿಂದ, 25 ಬಂದಾಗ 5ರಿಂದ, 27 ಬಂದಾಗ 3ರಿಂದ, 29 ಬಂದಾಗ 29ರಿಂದ. ನಿಮಗೆ 23,29,08,95,62,800 ಸಿಕ್ಕಿದರೆ ಲೆಕ್ಕ ಸರಿ.